ಪಿಕಪ್ಪಿನೊಳಗಿನ ಮಳೆಗಾಲ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹಳೆ ಪಿಕಪ್ ಇಟ್ಟುಕೊಂಡಿರುವ ಯಾರನ್ನು ಬೇಕಾದರೂ ಕೇಳಿ ನೋಡಿ. ಇಂಜಿನ್ ಹೇಗುಂಟು ಅಂದರೆ 'ಅದಕ್ಕೆ ಎಂತ ಆಗಿಲ್ಲ' ಅನ್ನುತ್ತಾರೆ. ಗೇರ್ ಬಾಕ್ಸ್, ಪ್ಲೇಟು, ಬ್ರೇಕು, ಎಲ್ಲದರ ಗುಣಗಾನವೂ ನಡೆಯುತ್ತದೆ. ಎದುರಿನ ಗ್ಲಾಸು ಸೋರುತ್ತದಾ ಅಂತ ಕೇಳಿದಾಗ ಮಾತ್ರ ಮಾತು ಸ್ವಲ್ಪ ನಿಧಾನ ಆಗುತ್ತದೆ. 'ಅದು ಸ್ವಲ್ಪ ಉಂಟು. ಮಳೆ ಜೋರಾದರೆ ಮಾತ್ರ.' ಕಾಸರಗೋಡಿನಲ್ಲಿ ಮಳೆ ಜೋರಾಗದ ವರ್ಷ ಯಾವುದು ಮಾರಾಯ್ರೇ? ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಬೀಳುವ ಜಿಲ್ಲೆ ಇದು. ಅದರ ದೊಡ್ಡ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ.

ಈ ಸೋರಿಕೆಯ ಜೊತೆ ಬದುಕುವುದಕ್ಕೆ ನಮ್ಮವರು ಏನೇನೋ ಉಪಾಯ ಮಾಡಿಕೊಂಡಿದ್ದಾರೆ. ಡ್ಯಾಶ್‌ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ. ಕಾಲಡಿಗೆ ಹಳೆ ಗೋಣಿ. ಫ್ಯೂಸ್ ಬಾಕ್ಸಿಗೆ ಕಟ್ಟಿದ ಪ್ಲಾಸ್ಟಿಕ್ ತೊಟ್ಟೆ. ನಾನು ನೋಡಿದ್ದರಲ್ಲಿ ಚಂದದ್ದು ಅಂದರೆ ಒಂದು ಅಡಿಕೆ ಹಾಳೆ. ಅದರ ತುಂಡನ್ನು ಡ್ಯಾಶ್‌ಬೋರ್ಡಿನ ಅಡಿಗೆ ಓರೆಯಾಗಿ ಸಿಕ್ಕಿಸಿ, ತೊಟ್ಟಿಕ್ಕುವ ನೀರು ಕ್ಲಚ್ಚಿನ ಆಚೆ ಹೋಗಿ ಬೀಳುವ ಹಾಗೆ ಮಾಡಿದ್ದರು. ಕೆಲಸ ಮಾಡುತ್ತಿತ್ತು ಕೂಡ. ಡ್ರೈವರಿನ ಕಾಲು ಒಣಗಿಯೇ ಇತ್ತು. ಆದರೆ ಆ ನೀರು ಹಾಳೆಯ ತನಕ ಬರುವ ಮೊದಲು ಎಲ್ಲೆಲ್ಲಿ ಸುತ್ತಾಡಿ, ಯಾವ ತಗಡನ್ನು ತಿಂದು ಬಂದಿದೆ ಅನ್ನುವುದು ಹಾಳೆಗೆ ಗೊತ್ತಾಗುವುದಿಲ್ಲ ಅಲ್ವಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸೋರುವ ಗ್ಲಾಸು ಅನ್ನುವುದೇ ಅಪರೂಪ. ಗ್ಲಾಸು ಒಡೆದರೆ ಕಣ್ಣಿಗೆ ಕಾಣುತ್ತದೆ. ಒಡೆಯದ ಗ್ಲಾಸಿನಿಂದ ನೀರು ಒಳಗೆ ಬರುವುದಿಲ್ಲ. ಸೋರುವುದು ಅದರ ಸುತ್ತ ಇರುವ ರಬ್ಬರು, ಅಥವಾ ರಬ್ಬರಿನ ಹಿಂದಿರುವ ತಗಡು, ಅದೂ ಅಲ್ಲದಿದ್ದರೆ ಗ್ಲಾಸಿಗೆ ಸಂಬಂಧವೇ ಇಲ್ಲದ ಇನ್ನೊಂದು ಜಾಗ. ಬೈಗುಳ ಮಾತ್ರ ಗ್ಲಾಸಿಗೆ. ಮಳೆ ಶುರುವಾದ ಕೂಡಲೇ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಸಿಲಿಕಾನ್ ಟ್ಯೂಬ್ ತಂದು ಹೊರಗಿನಿಂದ ಸುತ್ತ ಬಳಿದುಬಿಡುವುದು ನಮ್ಮಲ್ಲಿ ನಡೆದುಬಂದ ಕ್ರಮ. ಈ ಬರಹ ಆ ಟ್ಯೂಬಿನ ವಿರುದ್ಧ.

ಹಳೆ ಪಿಕಪ್ಪುಗಳಲ್ಲಿ ಎದುರಿನ ಗ್ಲಾಸು ನಿಂತಿರುವುದು ಬರೀ ರಬ್ಬರಿನ ಬಲದಲ್ಲಿ. ಗ್ಯಾರೇಜಿನಲ್ಲಿ ಅದಕ್ಕೆ ಬೀಡಿಂಗ್ ಅನ್ನುತ್ತಾರೆ. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಎರಡು ಬದಿಗೂ ಒಂದೊಂದು ಸೀಳು. ಒಂದು ಸೀಳಿನಲ್ಲಿ ಗ್ಲಾಸಿನ ಅಂಚು ಕೂರುತ್ತದೆ. ಇನ್ನೊಂದು ಕ್ಯಾಬಿನ್ನಿನ ತಗಡಿನ ಅಂಚನ್ನು ಕಚ್ಚಿ ಹಿಡಿಯುತ್ತದೆ. ಅಂಟು ಇಲ್ಲ, ಸ್ಕ್ರೂ ಇಲ್ಲ. ರಬ್ಬರು ಮೆತ್ತಗೆ ಇದ್ದಷ್ಟು ಕಾಲ ಇದು ಒಳ್ಳೆಯ ಏರ್ಪಾಡು. ಗಾಡಿ ಕುಲುಕಿದರೂ ಗ್ಲಾಸಿಗೆ ಪೆಟ್ಟಾಗುವುದಿಲ್ಲ. ಆದರೆ ರಬ್ಬರಿಗೂ ವಯಸ್ಸಾಗುತ್ತದೆ. ಬಿಸಿಲು ಮತ್ತು ಗಾಳಿಯಲ್ಲಿರುವ ಓಝೋನ್ ಸೇರಿ ಅದರ ಮೆದುತನವನ್ನು ತೆಗೆಯುತ್ತವೆ. ರಬ್ಬರು ಕುಗ್ಗುತ್ತದೆ. ಕುಗ್ಗಿದ್ದು ಮೊದಲು ಕಾಣುವುದು ಮೂಲೆಗಳಲ್ಲಿ, ಯಾಕೆಂದರೆ ಎಳೆತ ಅಲ್ಲೇ ಜಾಸ್ತಿ. ಹತ್ತು ಹದಿನೈದು ಬೇಸಿಗೆ ಕಂಡ ರಬ್ಬರನ್ನು ಉಗುರಿನಲ್ಲಿ ಎತ್ತಿದರೆ ಒಣಗಿದ ಹಲಸಿನ ಹಪ್ಪಳದ ಹಾಗೆ ಮುರಿದು ಕೈಗೆ ಬರುತ್ತದೆ.

ಅದರ ಜೊತೆಗೆ ನಮ್ಮ ದಾರಿಗಳು. ಪಿಕಪ್ಪಿನ ಕ್ಯಾಬಿನ್ ಚಾಸಿಯ ಮೇಲೆ ಕೂತಿರುವ ಬೇರೆಯೇ ಪೆಟ್ಟಿಗೆ. ಕೆಂಪುಕಲ್ಲು ತುಂಬಿಸಿ ಗುಡ್ಡದ ಏರಿನಲ್ಲಿ ಒಂದು ಚಕ್ರ ಹೊಂಡಕ್ಕೆ ಇಳಿದಾಗ ಚಾಸಿ ತಿರುಚುತ್ತದೆ, ಅದರೊಟ್ಟಿಗೆ ಕ್ಯಾಬಿನ್ನಿನ ಬಾಯಿಯೂ ಸ್ವಲ್ಪ ಓರೆಯಾಗುತ್ತದೆ. ಮೆತ್ತಗಿನ ರಬ್ಬರು ಅದನ್ನು ಸಹಿಸಿಕೊಳ್ಳುತ್ತದೆ. ಗಟ್ಟಿಯಾದದ್ದು ಪ್ರತಿ ಸಲವೂ ಒಂಚೂರು ಬಿಟ್ಟುಕೊಂಡು ಬಿಟ್ಟುಕೊಂಡು ಕೊನೆಗೆ ಬಾಯಿ ತೆರೆದೇ ನಿಲ್ಲುತ್ತದೆ. ಅಂಗಳದಲ್ಲಿ ನಿಂತಾಗ ಒಂದು ಹನಿಯೂ ಬಾರದ ಗಾಡಿ ಓಡುವಾಗ ಮಾತ್ರ ಸೋರುವುದು ಇದಕ್ಕೇ. ಎದುರು ಗಾಳಿ ನೀರನ್ನು ಮೇಲಕ್ಕೂ ತಳ್ಳುತ್ತದೆ, ಸಂದಿಯ ಒಳಕ್ಕೂ ತಳ್ಳುತ್ತದೆ.

ಸೋರುವ ಜಾಗ ಹುಡುಕುವುದೇ ಈ ಕೆಲಸದ ಮುಕ್ಕಾಲು ಭಾಗ. ನೀರು ಒಳಗೆ ಹೊಕ್ಕಲ್ಲಿಯೇ ಬೀಳುವುದಿಲ್ಲ. ರಬ್ಬರಿನ ಒಳಸಂದಿಯಲ್ಲಿ ಗ್ಲಾಸಿನ ಸುತ್ತ ಹರಿದು, ಎಲ್ಲಿ ದಾರಿ ಸಿಗುತ್ತದೋ ಅಲ್ಲಿ ಇಳಿಯುತ್ತದೆ. ಮೇಲಿನ ಬಲಮೂಲೆಯಲ್ಲಿ ಹೊಕ್ಕ ನೀರು ಎಡಗಡೆ ಕೂತವರ ಕಾಲಿಗೆ ಬಿದ್ದರೆ ಆಶ್ಚರ್ಯ ಇಲ್ಲ. ಗಾಡಿ ಮುಖ ಕೆಳಗೆ ಮಾಡಿ ನಿಂತಿದೆಯೋ ಮೇಲೆ ಮಾಡಿ ನಿಂತಿದೆಯೋ ಅನ್ನುವುದರ ಮೇಲೂ ಬೀಳುವ ಜಾಗ ಬದಲಾಗುತ್ತದೆ. ನಮ್ಮ ಕಡೆ ಸಮತಟ್ಟಾದ ಅಂಗಳ ಇರುವ ಮನೆ ಎಷ್ಟು?

ನಮ್ಮ ಪಿಕಪ್ಪನ್ನು ನೋಡಿಕೊಳ್ಳುವ ಗ್ಲಾಸು ಕೆಲಸದ ಇಚ್ಚ ಒಬ್ಬರಿದ್ದಾರೆ. ಇಚ್ಚ ಅಂದರೆ ಇಲ್ಲಿನ ಮುಸ್ಲಿಮರಲ್ಲಿ ಅಣ್ಣ. ಅವರು ಮಲಯಾಳದಲ್ಲಿ ಶುರು ಮಾಡಿ ತುಳುವಿಗೆ ಹೊರಳಿ ಕನ್ನಡದಲ್ಲಿ ಬಿಲ್ ಹೇಳುವವರು. ಗಾಡಿ ತಂದ ಕೂಡಲೇ ಗ್ಲಾಸನ್ನು ನೋಡುವುದೇ ಇಲ್ಲ. ಮೊದಲು ಬಾನೆಟ್ ಎತ್ತಿ, ಗ್ಲಾಸಿನ ಕೆಳಗೆ ಗಾಳಿ ಒಳಗೆ ಹೋಗುವ ಜಾಲರಿಗೆ ಕೈ ಹಾಕುತ್ತಾರೆ. ನಮ್ಮದರಲ್ಲಿ ಅಲ್ಲಿಂದ ಬಂದದ್ದು ಕೊಳೆತ ಹಲಸಿನೆಲೆ, ಒಣಗಿದ ಹಿಂಗಾರದ ಕಸ, ಒಂದು ಹಿಡಿ ಕಪ್ಪು ಮಣ್ಣು. 'ಭಟ್ರೇ, ನಿಮ್ಮ ಗಾಡಿಗೆ ಗ್ಲಾಸು ಬೇಡ. ಮೊದಲು ಹಲಸಿನ ಮರದ ಅಡಿಯಿಂದ ಗಾಡಿ ತೆಗೀರಿ' ಅಂದರು. ಆ ಜಾಗಕ್ಕೆ ಬಿದ್ದ ಮಳೆನೀರು ಎರಡೂ ಬದಿಯ ತೂತಿನಿಂದ ಹೊರಗೆ ಹೋಗಬೇಕು. ತೂತು ಕಟ್ಟಿದರೆ ಅಲ್ಲಿ ಕೆರೆ ನಿಲ್ಲುತ್ತದೆ, ತುಂಬಿದ ಮೇಲೆ ಗಾಳಿಯ ದಾರಿಯಲ್ಲೇ ಕ್ಯಾಬಿನ್ನಿಗೆ ಇಳಿಯುತ್ತದೆ. ಆಗ ಹೊಸ ಗ್ಲಾಸು ಹಾಕಿಸಿದರೂ ಅಷ್ಟೇ, ಚಿನ್ನದ ಬೀಡಿಂಗ್ ಹಾಕಿಸಿದರೂ ಅಷ್ಟೇ.

ಹೀಗೆ ಗ್ಲಾಸಿನ ಹೆಸರು ಕೆಡಿಸುವ ಜಾಗ ಇನ್ನೂ ಇವೆ. ವೈಪರಿನ ದಂಡ ಹೊರಗೆ ಬರುವಲ್ಲಿ ಇರುವ ಸಣ್ಣ ರಬ್ಬರು. ಆಂಟೆನಾದ ತೂತು. ಮಾಡಿನ, ಅಂದರೆ ಕ್ಯಾಬಿನ್ನಿನ ಚಾವಣಿಯ, ಅಂಚಿನಲ್ಲಿ ನೀರು ಹರಿಯುವ ಪಟ್ಟಿ ಉಂಟಲ್ಲ, ಅದರ ಜೋಡಣೆಗೆ ಹಾಕಿದ ಸೀಲರ್ ಒಡೆದರೆ ನೀರು ಎದುರಿನ ಕಂಬದ ಟೊಳ್ಳಿನೊಳಗೆ ಇಳಿದು ಡ್ಯಾಶ್‌ಬೋರ್ಡಿನ ಬದಿಯಲ್ಲಿ ಹೊರಡುತ್ತದೆ. ಮೇಲೆ ಕ್ಯಾರಿಯರ್ ಬಿಗಿದ ಗಾಡಿಗಳಲ್ಲಿ ಇದು ತೀರಾ ಮಾಮೂಲು.

ಪತ್ತೆ ಮಾಡಲು ದೊಡ್ಡ ಯಂತ್ರ ಏನೂ ಬೇಡ. ಡ್ಯಾಶ್‌ಬೋರ್ಡಿನ ಅಡಿಯ ಮುಚ್ಚಳ ತೆಗೆದು, ಒಳಗೆ ಎಲ್ಲ ಒರೆಸಿ, ಮುಖಕ್ಕೆ ಹಾಕುವ ಪೌಡರನ್ನು ತಗಡಿನ ಮೇಲೆ ತೆಳ್ಳಗೆ ಉದುರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಮಲಗಬೇಕು. ಇನ್ನೊಬ್ಬರು ಹೊರಗಿನಿಂದ ತೋಟಕ್ಕೆ ಬಿಡುವ ಪೈಪಿನಲ್ಲಿ ನೀರು ಬಿಡಬೇಕು. ಮೆಲ್ಲ ಬಿಡಬೇಕು, ಬೆರಳು ಒತ್ತಿ ಚಿಮ್ಮಿಸಬಾರದು. ಮತ್ತೆ, ಕೆಳಗಿನಿಂದ ಶುರು ಮಾಡಬೇಕು. ಮೊದಲು ಜಾಲರಿ, ಆಮೇಲೆ ಗ್ಲಾಸಿನ ಕೆಳ ಅಂಚು, ಬದಿಗಳು, ಕೊನೆಗೆ ಮೇಲಿನ ಅಂಚು ಮತ್ತು ಮಾಡು. ಒಂದೊಂದು ಜಾಗದಲ್ಲೂ ಕೆಲವು ನಿಮಿಷ ಕಾಯಬೇಕು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆಗೂ ಇಳಿದು ಏನೂ ತಿಳಿಯುವುದಿಲ್ಲ. ಪೌಡರಿನ ಮೇಲೆ ಗೆರೆ ಬಿದ್ದ ಕೂಡಲೇ ಅದನ್ನು ಹಿಮ್ಮುಖವಾಗಿ ಹಿಂಬಾಲಿಸುತ್ತಾ ಹೋದರೆ ಆಯಿತು. ನೀರಿಲ್ಲದ ಕಾಲಕ್ಕೆ ಇನ್ನೊಂದು ಉಪಾಯ. ಕಿಟಕಿ ಎಲ್ಲ ಮುಚ್ಚಿ, ಒಳಗೆ ಫ್ಯಾನು ಜೋರಾಗಿ ಹಾಕಿ, ಹೊರಗೆ ರಬ್ಬರಿನ ಸುತ್ತ ಸಾಬೂನು ನೀರು ಸವರಿ. ಸಂದಿ ಇರುವಲ್ಲಿ ಗುಳ್ಳೆ ಏಳುತ್ತದೆ.

ಈಗ ಆ ಟ್ಯೂಬಿನ ವಿಷಯ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಸಿಲಿಕಾನ್ ಬಹಳಷ್ಟು ಒಣಗುವಾಗ ವಿನೆಗರಿನ ವಾಸನೆ ಬರುವಂಥದ್ದು. ವಾಸನೆ ಸುಮ್ನೆ ಅಲ್ಲ, ಅದು ಅಸಿಟಿಕ್ ಆಮ್ಲ. ಬಣ್ಣ ಹೋದ ತಗಡಿಗೆ ಅದು ತಾಗಿದರೆ ತುಕ್ಕಿಗೆ ದಾರಿ ಮಾಡಿಕೊಟ್ಟ ಹಾಗೆ. ಎರಡನೆಯದು, ಹೊರಗಿನಿಂದ ಬಳಿದದ್ದು ಎಲ್ಲೋ ಒಂದು ಕಡೆ ಬಿಡುತ್ತದೆ. ಅಲ್ಲಿಂದ ಒಳಗೆ ಹೋದ ನೀರಿಗೆ ಈಗ ಹೊರಗೆ ಬರುವ ದಾರಿಯೂ ಇಲ್ಲ. ರಬ್ಬರಿನೊಳಗೆ ನಿಂತು ತಗಡಿನ ಅಂಚನ್ನು ಮೆಲ್ಲ ತಿನ್ನುತ್ತದೆ. ಮೂರನೆಯದು ಗ್ಲಾಸಿನವರಿಗೆ ತಲೆನೋವು. ಸಿಲಿಕಾನ್ ಒಮ್ಮೆ ಹಿಡಿದ ಜಾಗದಲ್ಲಿ ಬಣ್ಣವಾಗಲಿ ಬೇರೆ ಸೀಲರ್ ಆಗಲಿ ಸರಿಯಾಗಿ ಕೂರುವುದಿಲ್ಲ. ಅದನ್ನೆಲ್ಲ ಬ್ಲೇಡಿನಲ್ಲಿ ಕೆರೆದು ತೆಗೆಯುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಇಚ್ಚ ಆ ಅರ್ಧ ದಿನದ ಕೂಲಿ ಬೇರೆಯೇ ಹಾಕುತ್ತಾರೆ. ನ್ಯಾಯವೇ.

ರಬ್ಬರಿನ ಸಂದಿಗೆ ಹಾಕುವುದಿದ್ದರೆ ಗಟ್ಟಿಯಾಗದ ಬ್ಯುಟೈಲ್ ಸೀಲರ್ ಸರಿ. ಅದು ವರ್ಷಗಟ್ಟಲೆ ಮೆತ್ತಗೇ ಇರುತ್ತದೆ, ಗಾಡಿ ಕುಲುಕಿದ ಹಾಗೆ ತಾನೂ ಹೊಂದಿಕೊಳ್ಳುತ್ತದೆ. ಆದರೆ ಅದನ್ನೂ ಗ್ಲಾಸು ತೆಗೆದೇ ಹಾಕಬೇಕು ಅನ್ನುವ ಪಕ್ಷದವನು ನಾನು.

ಗ್ಲಾಸು ಒಮ್ಮೆ ಹೊರಗೆ ಬಂದಾಗ ಸತ್ಯ ಕಾಣುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುವ ಗಾಡಿಯಲ್ಲೂ ರಬ್ಬರಿನ ಅಡಿಯ ಅಂಚು ಕೆಂಪು ಹುಡಿಯಾಗಿರುತ್ತದೆ. ಜಾಸ್ತಿ ಕೆಟ್ಟಿರುವುದು ಕೆಳಗಿನ ಎರಡು ಮೂಲೆಗಳು, ನೀರು ನಿಲ್ಲುವುದು ಅಲ್ಲೇ. ಉಪ್ಪಳ, ಕುಂಬಳೆ, ಮಂಜೇಶ್ವರದ ಗಾಡಿಗಳಿಗೆ ಕಡಲಿನ ಗಾಳಿಯ ಉಪ್ಪೂ ಸೇರುತ್ತದೆ. ಮೀನಿನ ಪಿಕಪ್ಪುಗಳ ಕಥೆ ಬೇರೆಯೇ, ಅವುಗಳ ತಗಡಿಗೆ ಮಳೆಗಾಲ ಬೇಸಿಗೆ ಅಂತ ವ್ಯತ್ಯಾಸ ಇಲ್ಲ.

ನಮ್ಮಂಥ ಅಡಿಕೆಯವರ ಗಾಡಿಗೆ ಇನ್ನೊಂದು ಶತ್ರು ಉಂಟು. ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಜೂನ್, ಜುಲೈಯಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಹೊತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಮದ್ದು ಹದಕ್ಕೆ ಬಂದಿದೆಯಾ ಅಂತ ಹಿರಿಯರು ನೋಡುತ್ತಿದ್ದದ್ದು ಕತ್ತಿಯ ಅಲಗನ್ನು ಅದ್ದಿ. ಅಲಗಿನ ಮೇಲೆ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಆಗ ನಡೆಯುವುದು ಇಷ್ಟೇ, ದ್ರಾವಣದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗುತ್ತದೆ. ಇದೇ ಪರೀಕ್ಷೆ ನಮ್ಮ ಗಾಡಿಯೊಳಗೂ ನಡೆಯುತ್ತಿರುತ್ತದೆ. ಮಳೆಗೆ ಒದ್ದೆಯಾಗಬಾರದು ಅಂತ ತುತ್ತಿನ ಚೀಲವನ್ನು ಹಿಂದೆ ಹಾಕದೆ ಕ್ಯಾಬಿನ್ನಿನ ಒಳಗೆ, ಕಾಲಿನ ಹತ್ತಿರ ಇಡುತ್ತೇವೆ. ಚೀಲದಿಂದ ಒಂದಿಷ್ಟು ಹುಡಿ ಉದುರುತ್ತದೆ. ಮೇಲಿನಿಂದ ಗ್ಲಾಸಿನ ನೀರು ತೊಟ್ಟಿಕ್ಕುತ್ತದೆ. ಸುಣ್ಣ ಇಲ್ಲದ ಬರೀ ತುತ್ತಿನ ನೀರು ಮ್ಯಾಟಿನ ಅಡಿಗೆ ಇಳಿಯುತ್ತದೆ. ಅಡಿಕೆ ತೋಟದವರ ಪಿಕಪ್ಪಿನ ಮ್ಯಾಟ್ ಎತ್ತಿದರೆ ಕೆಳಗೆ ರಸ್ತೆ ಕಾಣುವುದರಲ್ಲಿ ಈ ಚೀಲದ ಪಾಲು ದೊಡ್ಡದು ಅಂತ ನನ್ನ ಗುಮಾನಿ.

ತುಕ್ಕು ಹಿಡಿದ ಅಂಚಿಗೆ ಹೊಸ ರಬ್ಬರು ಹಾಕುವುದು ದುಡ್ಡು ದಂಡ. ತುಕ್ಕು ಉಬ್ಬುತ್ತದೆ. ಉಬ್ಬಿದ ಜಾಗ ಗ್ಲಾಸಿನ ಅಂಚಿಗೆ ಒತ್ತುತ್ತದೆ. ಗ್ಲಾಸು ಎಲ್ಲಕ್ಕಿಂತ ಸೋಲುವುದು ಅಂಚಿನಲ್ಲಿ. ಕಲ್ಲು ತಾಗದೆ, ಯಾರೂ ಮುಟ್ಟದೆ, ಬೆಳಗ್ಗೆ ನೋಡುವಾಗ ಕೆಳಗಿನಿಂದ ಮೇಲಕ್ಕೆ ಒಂದು ಬಿರುಕು ಹೋಗಿರುವ ಗಾಡಿಗಳಿವೆ. ದೃಷ್ಟಿ ಅನ್ನುತ್ತಾರೆ. ಬೀಡಿಂಗ್ ಎತ್ತಿ ನೋಡಿದರೆ ಆ ಬಿರುಕಿನ ಬುಡದಲ್ಲಿ ಎಷ್ಟೋ ಸಲ ತುಕ್ಕಿನ ಗಂಟು ಸಿಗುತ್ತದೆ. ಹಾಗಾಗಿ ಗ್ಲಾಸಿನವರಿಗಿಂತ ಮೊದಲು ತಗಡು ಕೆಲಸದ ಟಿಂಕರ್ ಬರಬೇಕು. ವೈರ್ ಬ್ರಶ್ಶಿನಲ್ಲಿ ಉಜ್ಜಿ ಬಿಳಿ ತಗಡು ಕಾಣುವ ತನಕ ತೆಗೆಯಬೇಕು. ತೂತಾಗಿದ್ದರೆ ಹೊಸ ತಗಡು ಕತ್ತರಿಸಿ ವೆಲ್ಡ್ ಮಾಡಬೇಕು. ಪುಟ್ಟಿ ತುಂಬಿಸಿ ಮುಗಿಸೋಣ ಅನ್ನುವವರು ಸಿಗುತ್ತಾರೆ. ಬೇಡ. ಪುಟ್ಟಿ ನೀರು ಕುಡಿಯುತ್ತದೆ, ಒಳಗಿಂದ ತುಕ್ಕು ಮತ್ತೆ ಶುರು. ವೆಲ್ಡ್ ಆದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಅದು ಪೂರ್ತಿ ಒಣಗಬೇಕು. ಕೆಲಸ ತಡ ಆಗುವುದು ಇಲ್ಲೇ, ಮಾಲೀಕರು ಗಡಿಬಿಡಿ ಮಾಡುವುದೂ ಇಲ್ಲೇ.

ಗ್ಲಾಸು ಕೂರಿಸುವುದನ್ನು ಮಾತ್ರ ನಿಂತು ನೋಡಬೇಕು. ಮೊದಲು ಗ್ಲಾಸನ್ನು ಚಾಪೆಯ ಮೇಲೆ ಮಲಗಿಸಿ ಸುತ್ತ ರಬ್ಬರು ತೊಡಿಸುತ್ತಾರೆ. ಉದ್ದದ ಬೀಡಿಂಗಿನಿಂದ ಕತ್ತರಿಸುವುದಾದರೆ ಅಳತೆಗಿಂತ ತುಸು ಜಾಸ್ತಿ ಬಿಡಬೇಕು, ಎಳೆದು ತೊಡಿಸಿದ ರಬ್ಬರು ಮುಂದೆ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಆಮೇಲೆ ತಗಡು ಕೂರುವ ಸೀಳಿನೊಳಗೆ ಸುತ್ತಲೂ ಒಂದು ನೈಲಾನ್ ಹಗ್ಗ ಇಡುತ್ತಾರೆ. ಎರಡು ತುದಿಯೂ ಕೆಳಗೆ ನಡುವಿನಲ್ಲಿ ಒಂದರ ಮೇಲೊಂದು ಹಾದು ಹೊರಗೆ ನೇತಾಡಬೇಕು. ರಬ್ಬರಿಗೂ ತಗಡಿಗೂ ಸಾಬೂನು ನೀರು. ನಮ್ಮಲ್ಲಿ ತೆಂಗಿನೆಣ್ಣೆ ಕೈಗೆ ಸಿಗುತ್ತದೆ ಅಂತ ಅದನ್ನೇ ಸವರುವವರೂ ಇದ್ದಾರೆ. ಸಾಬೂನು ನೀರು ಒಣಗಿ ಹೋಗುತ್ತದೆ, ಎಣ್ಣೆ ಅಲ್ಲೇ ಕೂತು ಸೀಲರನ್ನು ಹಿಡಿಯಲು ಬಿಡುವುದಿಲ್ಲ. ಡೀಸೆಲ್ಲಂತೂ ಬೇಡವೇ ಬೇಡ, ಅದರಿಂದ ಈ ರಬ್ಬರು ಊದಿಕೊಳ್ಳುತ್ತದೆ.

ಗ್ಲಾಸನ್ನು ಹೊರಗಿನಿಂದ ಎತ್ತಿ ಬಾಯಿಗೆ ಇಟ್ಟು, ಹಗ್ಗದ ತುದಿಗಳನ್ನು ಒಳಗೆ ಹಾಕುತ್ತಾರೆ. ಹುಡುಗ ಹೊರಗೆ, ಇಚ್ಚ ಒಳಗೆ. 'ಅಮರ್ತ್' (ಒತ್ತು) ಅಂತ ಒಂದೇ ಮಾತು. ಹುಡುಗ ಎರಡೂ ಅಂಗೈಯಲ್ಲಿ ಒತ್ತುತ್ತಾನೆ. ಒಳಗಿನಿಂದ ಹಗ್ಗ ಎಳೆದ ಹಾಗೆ ರಬ್ಬರಿನ ತುಟಿ ಒಂದೊಂದೇ ಇಂಚು ಮಗುಚಿ ತಗಡಿನ ಒಳಬದಿಗೆ ಬರುತ್ತದೆ. ಒತ್ತುವ ಕೈ ಹಗ್ಗ ಎಲ್ಲಿ ಹೋಗುತ್ತದೋ ಅಲ್ಲಿಗೇ ಹೋಗಬೇಕು. ಮೂಲೆ ಬಂದಾಗ ಇಬ್ಬರೂ ನಿಧಾನ. ಅಲ್ಲಿ ಹಗ್ಗವನ್ನು ಜಗ್ಗಿದರೆ ರಬ್ಬರು ಹರಿಯುತ್ತದೆ, ಗುದ್ದಿದರೆ ಗ್ಲಾಸು ಹೋಗುತ್ತದೆ. ಸುತ್ತ ಮುಗಿದ ಮೇಲೆ ಇಚ್ಚ ಹೊರಗೆ ಬಂದು ಅಂಗೈಯಿಂದ ಗ್ಲಾಸಿನ ಅಂಚಿಗೆ ಸುತ್ತಲೂ ತಟ್ಟುತ್ತಾರೆ. ಸದ್ದು ಎಲ್ಲ ಕಡೆ ಒಂದೇ ಥರ ಬರಬೇಕಂತೆ. ನನ್ನ ಕಿವಿಗೆ ಎಲ್ಲವೂ ಒಂದೇ ಥರ ಕೇಳಿತು. ಅವರು ಮಾತ್ರ ಒಂದು ಕಡೆ ನಿಂತು ಇನ್ನೊಮ್ಮೆ ಒತ್ತಿಸಿದರು.

ಹಳೆ ಗ್ಲಾಸನ್ನೇ ಹಾಕಬೇಕಾ, ಹೊಸತಾ ಅನ್ನುವುದು ಎಲ್ಲರ ಪ್ರಶ್ನೆ. ಎದುರಿನ ಗ್ಲಾಸು ಅಂದರೆ ಎರಡು ಗ್ಲಾಸಿನ ಹಾಳೆ, ನಡುವೆ ಒಂದು ಮಿಲಿಮೀಟರಿಗಿಂತ ತೆಳು ಪ್ಲಾಸ್ಟಿಕ್. ಒಡೆದರೂ ಚೂರು ಮುಖಕ್ಕೆ ಹಾರದೆ ಅಂಟಿಕೊಂಡೇ ಇರುವುದು ಆ ಪ್ಲಾಸ್ಟಿಕ್ಕಿನಿಂದ. ಅಂಚಿನಲ್ಲಿ ವರ್ಷಗಟ್ಟಲೆ ನೀರು ನಿಂತರೆ ಪದರ ಬಿಟ್ಟು ಹಾಲಿನ ಬಣ್ಣ ಕಾಣುತ್ತದೆ. ಅದು ಕೆಳ ಅಂಚಿನಲ್ಲಿ ಬೆರಳಗಲ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನೋಡುವ ಜಾಗಕ್ಕೆ ಬಂದಿದ್ದರೆ, ಬಿರುಕಿದ್ದರೆ, ಅಥವಾ ವೈಪರ್ ಕೆರೆದು ರಾತ್ರಿ ಎದುರಿನ ಲೈಟು ಹರಡಿ ಕಾಣುತ್ತಿದ್ದರೆ ಹೊಸತು ಹಾಕಿಸಿ. ಮೂಲೆಯಲ್ಲಿ ಐಎಸ್ 2553 ಗುರುತು, ಅಂದರೆ ಸುರಕ್ಷತಾ ಗ್ಲಾಸಿನ ಭಾರತೀಯ ಮಾನಕದ ಗುರುತು, ಉಂಟಾ ನೋಡಿ. ಎದುರಿನ ಗ್ಲಾಸು ಹೀಗೆ ಪದರ ಕೂಡಿಸಿದ್ದು, ಅಂದರೆ ಲ್ಯಾಮಿನೇಟೆಡ್ ಆಗಿರಬೇಕು, ಶೇಕಡಾ 70ರಷ್ಟಾದರೂ ಬೆಳಕು ಒಳಗೆ ಬಿಡಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಹೇಳುತ್ತದೆ. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಫಿಟ್ನೆಸ್ ತಪಾಸಣೆ ಇರುವುದರಿಂದ ಬಿರುಕು ಬಿಟ್ಟದ್ದನ್ನು ಬಹಳ ಕಾಲ ಓಡಿಸಲೂ ಆಗುವುದಿಲ್ಲ.

ಹಳೆ ಮಹೀಂದ್ರ ಜೀಪು ಇದ್ದವರಿಗೆ ಒಂದು ಸುಖ ಉಂಟು. ಅದರ ಎದುರಿನ ಗ್ಲಾಸು ಚಪ್ಪಟೆ. ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಎರಡೂ ಬದಿಗೆ ಗೀರು ಎಳೆದು ಮುರಿದ ಮೇಲೂ ನಡುವಿನ ಪ್ಲಾಸ್ಟಿಕ್ ಬಿಡುವುದಿಲ್ಲ. ಆಗ ಗೀರಿನ ಮೇಲೆ ಸ್ವಲ್ಪ ಸ್ಪಿರಿಟ್ ಸುರಿದು ಬೆಂಕಿ ಕೊಡುತ್ತಾರೆ. ನೀಲಿ ಗೆರೆಯೊಂದು ಗ್ಲಾಸಿನ ಉದ್ದಕ್ಕೆ ಓಡಿ ಆರುತ್ತದೆ. ಮೆತ್ತಗಾದ ಪ್ಲಾಸ್ಟಿಕ್ಕನ್ನು ಬ್ಲೇಡಿನಲ್ಲಿ ಸೀಳಿದರೆ ಎರಡು ತುಂಡು. 1988ರಲ್ಲಿ ಬಂದ ಟಾಟಾಮೊಬೈಲಿನಂಥ ಗಾಡಿಗಳಿಗೆ ಈ ಭಾಗ್ಯ ಇಲ್ಲ. ಬಾಗಿದ ಗ್ಲಾಸು ಅಚ್ಚಿನಲ್ಲೇ ಆಗಬೇಕು. ಕಾಸರಗೋಡಿನಲ್ಲಿ ಸಿಗದಿದ್ದರೆ ಮಂಗಳೂರಿಗೆ ಓಡಬೇಕು.

ಈಚಿನ ಪಿಕಪ್ಪುಗಳಲ್ಲಿ ಗ್ಲಾಸನ್ನು ಯುರೆಥೇನ್ ಅಂಟಿನಲ್ಲೇ ಕೂರಿಸಿರುತ್ತಾರೆ. ಅಲ್ಲಿ ಹಗ್ಗದ ಆಟ ನಡೆಯುವುದಿಲ್ಲ. ಅಂಟು ಕಚ್ಚುವ ತನಕ ಗಾಡಿ ಓಡಿಸಬಾರದು, ಕಿಟಕಿ ಮುಚ್ಚಿ ಬಾಗಿಲು ದಡಕ್ಕನೆ ಹಾಕಲೂಬಾರದು, ಒಳಗಿನ ಗಾಳಿಯ ಒತ್ತಡಕ್ಕೆ ಹಸಿ ಅಂಟು ಬಿಡುತ್ತದೆ. ಅಷ್ಟು ಗೊತ್ತಿದ್ದರೆ ಸಾಕು.

ಇದನ್ನೆಲ್ಲ ಮೇ ತಿಂಗಳೊಳಗೆ ಮುಗಿಸಬೇಕು. ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಗ್ಲಾಸು ಬಿಚ್ಚಿದರೆ ಪ್ರೈಮರ್ ಒಣಗುವುದಿಲ್ಲ, ತಗಡು ಮುಚ್ಚುವ ಮೊದಲೇ ಮತ್ತೆ ಕೆಂಪಾಗುತ್ತದೆ. ಆದರೆ ಮೇಯಲ್ಲಿ ಸೋರುವುದಿಲ್ಲ, ಹಾಗಾಗಿ ಯಾರಿಗೂ ನೆನಪಾಗುವುದಿಲ್ಲ. ಇಚ್ಚನ ಅಂಗಡಿಯಲ್ಲಿ ಸಾಲು ಕಾಣುವುದು ಜೂನ್ ಎರಡನೇ ವಾರದ ಮೇಲೆಯೇ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಸೋರಿಕೆ ನಿಂತ ಗಾಡಿಯಲ್ಲಿ ಹೊಸ ತಾಪತ್ರಯ ಶುರುವಾಗುತ್ತದೆ. ಗ್ಲಾಸಿನ ಒಳಬದಿಗೆ ಹಬೆ ಹಿಡಿಯುತ್ತದೆ. ಮ್ಯಾಟಿನ ಅಡಿಯ ಫೆಲ್ಟ್ ವರ್ಷಗಟ್ಟಲೆ ಕುಡಿದ ನೀರು ಈಗ ಹೊರಗೆ ಹೋಗಲು ದಾರಿ ಇಲ್ಲದೆ ಗ್ಲಾಸಿಗೆ ಬಂದು ಕೂರುತ್ತದೆ. ಕೆಲಸ ಮುಗಿದ ಕೂಡಲೇ ಮ್ಯಾಟು, ಫೆಲ್ಟು ಎಲ್ಲ ಕಿತ್ತು ಅಡಿಕೆಯ ಜೊತೆ ಅಂಗಳದಲ್ಲಿ ಹರಡಿ ಬಿಸಿಲಿಗೆ ಹಾಕಬೇಕು. ಫೆಲ್ಟ್ ಕೊಳೆತಿದ್ದರೆ ಎಸೆಯಬೇಕು. ಅಷ್ಟಾದರೂ ಏಸಿ ಇಲ್ಲದ ಹಳೆ ಗಾಡಿಯಲ್ಲಿ ಮೂವರು ಒದ್ದೆ ಬಟ್ಟೆಯಲ್ಲಿ ಕೂತರೆ ಹಬೆ ಬಂದೇ ಬರುತ್ತದೆ. ಅದಕ್ಕೆ ಬದಿಯ ಕಿಟಕಿಯನ್ನು ಎರಡು ಬೆರಳು ಇಳಿಸಬೇಕು. ಆಗ ಅಲ್ಲಿಂದ ಮಳೆ ಒಳಗೆ ಬರುತ್ತದೆ. ಬರಲಿ, ಅದು ಎಲ್ಲಿಂದ ಬರುತ್ತದೆ ಅಂತಾದರೂ ಗೊತ್ತುಂಟಲ್ಲ.